ಜೇನುಬಣ್ಣದ ಪುಟ್ಟ ಹಲ್ಲು

ನನ್ನ ಹಳೆಯ ವಿದ್ಯಾರ್ಥಿಗಳಿಗೆ ನಾನೊಂದು ತಿದ್ದುಪಡಿ ಕೊಡಬೇಕಾಗಿದೆ. ಅವರಲ್ಲಿ ಎಷ್ಟೋ ಮಂದಿಗೆ ಈಗ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಅಪ್ಪ ಅಮ್ಮನಿಗೆ ಓದಲು ಪುರುಸೊತ್ತಿಲ್ಲದಿದ್ದರೆ ಮಕ್ಕಳೇ ಇದನ್ನು ಓದಿ ಹೇಳಿ.

ಮಲೆನಾಡಿನ ಒಂದು ಹೈಸ್ಕೂಲಿನಲ್ಲಿ ನಾನು ಇಪ್ಪತ್ತೆಂಟು ವರ್ಷ ವಿಜ್ಞಾನ ಕಲಿಸಿದೆ. ಉಲ್ಕೆಗಳ ವಿಷಯ ಬಂದಾಗಲೆಲ್ಲ ಮೇಜು ಕುಟ್ಟಿ ಹೇಳುತ್ತಿದ್ದೆ: “ಬೆಟ್ಟದಷ್ಟು ದೊಡ್ಡ ಉಲ್ಕೆ ಬಿದ್ದರೆ ಕಲ್ಲು ಕೂಡ ಕರಗಿ ನೀರಾಗುತ್ತದೆ. ಆ ಕುಳಿಯ ಕಲ್ಲಿನೊಳಗೆ ಪಳೆಯುಳಿಕೆ ಇದ್ದರೆ ಅದೂ ಸುಟ್ಟು ಕರಕಲು!” ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಆ ಮಾತಿನಲ್ಲಿ ಅರ್ಧ ಮಾತ್ರ ನಿಜ ಎಂದು ನನಗೆ ತಿಳಿದದ್ದು ನಿವೃತ್ತಿಯಾದ ಮೇಲೆ, ಹತ್ತು ವರ್ಷದ ಮೊಮ್ಮಗಳ ಜೊತೆ ಕಟ್ಟಿದ ಪಂಥದಲ್ಲಿ ಸೋತಾಗ.

ಉಂಗುರದಂಥ ಕಣಿವೆ

ಮಗಳು ಅಳಿಯ ಸ್ವೀಡನ್ ದೇಶದ ಸ್ಟಾಕ್‌ಹೋಮ್‌ನಲ್ಲಿದ್ದಾರೆ. ಹೋದ ವರ್ಷ ಜೂನ್‌ನಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ನಮ್ಮ ಮನೆಯವರು ತೋಟ, ದನ ಬಿಟ್ಟು ಬರಲಾರೆ ಎಂದು ಊರಿನಲ್ಲೇ ಉಳಿದರು. ಅಲ್ಲಿ ಜೂನ್ ತಿಂಗಳೆಂದರೆ ರಾತ್ರಿ ಹತ್ತು ಗಂಟೆಗೂ ಬೆಳಕು. ಊಟ ಮುಗಿಸಿ ಮಲಗುವುದಕ್ಕೇ ಮನಸ್ಸು ಬರುವುದಿಲ್ಲ.

ಒಂದು ಶನಿವಾರ ಎಲ್ಲರೂ ಸಿಲ್ಯಾನ್ ಎಂಬ ಸರೋವರದ ಕಡೆಗೆ ಹೊರಟೆವು. ನಮ್ಮ ಪಕ್ಕದ ಮನೆಯ ಹುಡುಗಿಯೂ ಜೊತೆಗಿದ್ದಳು. ಅವಳು ಭೂವಿಜ್ಞಾನ ಓದುತ್ತಿದ್ದಾಳೆ. ಅವಳು ಹೇಳುವುದನ್ನು ನನ್ನ ಮೊಮ್ಮಗಳು ಪುಟ್ಟಿ ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ನನಗೆ ಹೇಳುತ್ತಿದ್ದಳು.

ಸಿಲ್ಯಾನ್ ಸುತ್ತಮುತ್ತ ಹಸಿರು ಕಾಡು, ಕೆಂಪು ಬಣ್ಣ ಬಳಿದ ಮರದ ಮನೆಗಳು, ತಣ್ಣನೆಯ ನೀರು. ನೋಡಿದರೆ ಇಲ್ಲೊಂದು ಅನಾಹುತ ನಡೆದಿತ್ತು ಎಂದು ಯಾರೂ ಹೇಳಲಾರರು. ನಕಾಶೆ ಬಿಡಿಸಿದಾಗ ಮಾತ್ರ ಅದು ಕಾಣುತ್ತದೆ. ಸಿಲ್ಯಾನ್ ಮತ್ತು ಅದರ ಅಕ್ಕಪಕ್ಕದ ಸರೋವರಗಳು ಬಳೆಯ ತುಂಡುಗಳ ಹಾಗೆ ಸುತ್ತಲೂ ಬಾಗಿ ಕೂತಿವೆ. ನಡುವೆ ಗ್ರಾನೈಟ್ ಕಲ್ಲಿನ ದಿಬ್ಬ. ಸುಮಾರು 38 ಕೋಟಿ ವರ್ಷಗಳ ಹಿಂದೆ ಇಲ್ಲೊಂದು ಭಾರಿ ಉಲ್ಕೆ ಅಪ್ಪಳಿಸಿತು. ಆಗ ಆದ ಗಾಯದ ಅಗಲ 50 ಕಿಲೋಮೀಟರಿಗೂ ಹೆಚ್ಚು. ಮೈಸೂರಿನಿಂದ ಹೊರಟು ಮಂಡ್ಯ ದಾಟಿ ಹೋದರೂ ಅದರ ಇನ್ನೊಂದು ದಡ ಸಿಗಲಿಕ್ಕಿಲ್ಲ! ಪಶ್ಚಿಮ ಯುರೋಪಿನಲ್ಲಿ ಇದಕ್ಕಿಂತ ದೊಡ್ಡ ಉಲ್ಕಾ ಕುಳಿ ಇಲ್ಲ.

ಅಲ್ಲಿಂದ ರೆಟ್‌ವಿಕ್ ಎಂಬ ಊರಿನ ಹತ್ತಿರ ಇರುವ ಡಾಲ್‌ಹಲ್ಲಾಗೆ ಹೋದೆವು. ಹಿಂದೆ ಅದು ಸುಣ್ಣದಕಲ್ಲಿನ ಗಣಿಯಾಗಿತ್ತು. ಗಣಿಗಾರಿಕೆ ನಿಂತ ಮೇಲೆ, 1990ರ ದಶಕದಲ್ಲಿ, ಆ ಆಳವಾದ ಹೊಂಡವನ್ನೇ ಸಂಗೀತ ಕಚೇರಿ ನಡೆಯುವ ಬಯಲು ರಂಗಮಂದಿರವಾಗಿ ಮಾಡಿದ್ದಾರೆ. ಈ ಸುಣ್ಣದಕಲ್ಲು ಸುಮಾರು 45 ಕೋಟಿ ವರ್ಷಗಳ ಹಿಂದಿನ ಸಮುದ್ರದ ತಳ. ಅಂದರೆ ಉಲ್ಕೆ ಬೀಳುವ ಹೊತ್ತಿಗಾಗಲೇ ಆ ಕಲ್ಲಿಗೆ ಹಲವು ಕೋಟಿ ವರ್ಷ ವಯಸ್ಸಾಗಿತ್ತು.

“ಅಜ್ಜಿ, ಈ ಕಲ್ಲಿನೊಳಗೆ ಚಿಕ್ಕ ಚಿಕ್ಕ ಹಲ್ಲುಗಳು ಇವೆಯಂತೆ. ಅಕ್ಕನ ಹತ್ತಿರ ಮೈಕ್ರೋಸ್ಕೋಪಿನಲ್ಲಿ ನೋಡುವುದಕ್ಕೆ ಇದೆಯಂತೆ” ಎಂದಳು ಪುಟ್ಟಿ.

“ಇದ್ದರೂ ಉಲ್ಕೆಯ ಬೆಂಕಿಗೆ ಸುಟ್ಟು ಕಪ್ಪಾಗಿರುತ್ತವೆ” ಎಂದೆ ನಾನು, ಹಳೆಯ ಟೀಚರ್ ಗತ್ತಿನಲ್ಲಿ.

“ಕಪ್ಪಾಗಿರುವುದಿಲ್ಲ ಅಂತ ನಾನು ಹೇಳುತ್ತೇನೆ. ಪಂಥ?”

“ಪಂಥ!”

ನಾನು ಗೆದ್ದರೆ ಪುಟ್ಟಿ ಊರಿನಲ್ಲಿರುವ ಅಜ್ಜನಿಗೆ ಕನ್ನಡದಲ್ಲಿ ಕಾಗದ ಬರೆಯಬೇಕು. ಅವಳಿಗೆ ಮಾತು ಬರುತ್ತದೆ, ಅಕ್ಷರ ಮಾತ್ರ ಕಷ್ಟ. ವಾರಕ್ಕೊಮ್ಮೆ ವಿಡಿಯೋದಲ್ಲಿ ನಾನು ಕಲಿಸುತ್ತಿದ್ದರೂ ಒತ್ತಕ್ಷರ ಬಂದ ಕೂಡಲೇ ಪೆನ್ಸಿಲ್ ಕೆಳಗಿಡುತ್ತಾಳೆ. ಅವಳು ಗೆದ್ದರೆ ನಾನು ಬೆಳಗಿನ ತಿಂಡಿಯ ಹೊತ್ತಿನಲ್ಲಿ ಹತ್ತು ಸ್ವೀಡಿಷ್ ಪದ ಹೇಳಬೇಕು. ನಾನು ಗೆಲ್ಲುವುದು ಖಂಡಿತ ಎಂದುಕೊಂಡು ಮನಸ್ಸಿನಲ್ಲೇ ಕಾಗದಕ್ಕೆ ವಿಳಾಸ ಬರೆದಾಗಿತ್ತು.

ಯಾರ ಹಲ್ಲು ಇವು?

ಮಕ್ಕಳೇ, ಪಂಥದ ಫಲಿತಾಂಶಕ್ಕೆ ಮೊದಲು ಈ ಹಲ್ಲಿನ ಕಥೆ ಕೇಳಿ. ಇವಕ್ಕೆ ಕಾನೊಡಾಂಟ್ ಎಂದು ಹೆಸರು. ಹೆಚ್ಚಿನವು ಒಂದು ಮಿಲಿಮೀಟರಿನ ಆಸುಪಾಸು. ಸಾಸಿವೆ ಕಾಳಿನ ಪಕ್ಕ ಇಟ್ಟರೆ ಸಾಸಿವೆಯೇ ದೊಡ್ಡದಾಗಿ ಕಾಣಬಹುದು. ಕೆಲವು ಕೊಂಬಿನ ಹಾಗೆ, ಕೆಲವು ಬಾಚಣಿಗೆಯ ಹಾಗೆ, ಕೆಲವು ಗರಗಸದ ಹಾಗೆ ಇರುತ್ತವೆ.

1856ರಲ್ಲಿ ಕ್ರಿಸ್ಟಿಯನ್ ಪ್ಯಾಂಡರ್ ಎಂಬ ವಿಜ್ಞಾನಿ ಇವುಗಳನ್ನು ಮೊದಲು ವಿವರಿಸಿದರು. ಇವು ಮೀನಿನ ಹಲ್ಲುಗಳಿರಬೇಕು ಎಂದು ಅವರು ಭಾವಿಸಿದ್ದರು. ಯಾವ ಪ್ರಾಣಿಯದ್ದು ಎಂಬುದು ಮಾತ್ರ ನೂರು ವರ್ಷ ದಾಟಿದರೂ ಒಗಟಾಗಿಯೇ ಉಳಿಯಿತು. ಕೊನೆಗೆ ಸ್ಕಾಟ್ಲೆಂಡಿನ ಎಡಿನ್‌ಬರೋದ ಹಳೆಯ ಸಂಗ್ರಹದಲ್ಲಿದ್ದ ಒಂದು ಕಲ್ಲಿನಲ್ಲಿ ಹಾವುಮೀನಿನಂಥ ಪುಟ್ಟ ದೇಹದ ಅಚ್ಚು ಕಾಣಿಸಿತು. ಅದರ ತಲೆಯ ಬಳಿ ಇದೇ ಹಲ್ಲುಗಳು ಸಾಲಾಗಿ ಇದ್ದವು. ಈ ಸುದ್ದಿ 1983ರಲ್ಲಿ ಪ್ರಕಟವಾಯಿತು. ಈ ಪ್ರಾಣಿಗಳು ಸಮುದ್ರಗಳಲ್ಲಿ ಸುಮಾರು ಮೂವತ್ತು ಕೋಟಿ ವರ್ಷ ಬದುಕಿ, ಇಂದಿಗೆ ಸುಮಾರು 20 ಕೋಟಿ ವರ್ಷಗಳ ಹಿಂದೆ ಇಲ್ಲವಾದವು.

ಕಲ್ಲಿನಿಂದ ಹಲ್ಲನ್ನು ಹೊರತೆಗೆಯುವುದು ಹೇಗೆ? ಸುತ್ತಿಗೆಯಿಂದ ಕುಟ್ಟಿದರೆ ಹಲ್ಲೂ ಪುಡಿಯಾಗುತ್ತದೆ. ಅದಕ್ಕೆ ವಿನಿಗರ್‌ನಲ್ಲಿರುವ ಆಮ್ಲವನ್ನೇ ಬಳಸುತ್ತಾರೆ. ಸುಣ್ಣದಕಲ್ಲನ್ನು ಆ ಆಮ್ಲದಲ್ಲಿ ನೆನೆಹಾಕಿದರೆ ಕಲ್ಲು ನಿಧಾನವಾಗಿ ಗುಳ್ಳೆ ಬಿಡುತ್ತ ಕರಗುತ್ತದೆ. ಕಾನೊಡಾಂಟ್ ಮಾತ್ರ ಉಳಿಯುತ್ತದೆ, ಏಕೆಂದರೆ ಅದು ನಮ್ಮ ಹಲ್ಲಿನ ಹಾಗೆಯೇ ಕ್ಯಾಲ್ಸಿಯಂ ಫಾಸ್ಫೇಟಿನದ್ದು. ಕಿಲೋಗಟ್ಟಲೆ ಕಲ್ಲು ಕರಗಿಸಿ, ಉಳಿದ ಗಸಿಯನ್ನು ಜರಡಿ ಹಿಡಿದು, ಮೈಕ್ರೋಸ್ಕೋಪಿನ ಕೆಳಗೆ ಒದ್ದೆ ಕುಂಚದ ತುದಿಯಿಂದ ಒಂದೊಂದೇ ಹಲ್ಲನ್ನು ಆರಿಸುತ್ತಾರೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಅಜ್ಜಿಯಂದಿರಿಗೆ ಈ ಕೆಲಸದ ತಾಳ್ಮೆ ಎಂಥದ್ದು ಎಂದು ಬೇಗ ಅರ್ಥವಾಗುತ್ತದೆ.

ಬಣ್ಣವೇ ಥರ್ಮಾಮೀಟರ್

ಈ ಹಲ್ಲುಗಳ ಬಣ್ಣ ಎಲ್ಲ ಕಡೆ ಒಂದೇ ಇರುವುದಿಲ್ಲ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯಲ್ಲಿದ್ದ ಆನಿಟಾ ಎಪ್‌ಸ್ಟೀನ್ ಇದನ್ನು ಗಮನಿಸಿದರು. ಇವರೇ ಮುಂದೆ ಆನಿಟಾ ಹ್ಯಾರಿಸ್ ಎಂದು ಹೆಸರಾದರು. ಅಮೆರಿಕದ ಅಪಲೇಚಿಯನ್ ಬೆಟ್ಟಸಾಲಿನಲ್ಲಿ ಪಶ್ಚಿಮದ ಕಡೆಯ ಕಾನೊಡಾಂಟ್‌ಗಳು ತಿಳಿ ಹಳದಿ. ಪೂರ್ವಕ್ಕೆ ಹೋದಂತೆ ಕಂದು, ಆಮೇಲೆ ಕಪ್ಪು. ಪೂರ್ವದ ಕಲ್ಲುಗಳು ಭೂಮಿಯೊಳಗೆ ಹೆಚ್ಚು ಆಳಕ್ಕೆ ಹೂತು, ಹೆಚ್ಚು ಕಾದಿದ್ದವು. ಹಾಗಾದರೆ ಬಣ್ಣ ಬದಲಾಗಲು ಶಾಖವೇ ಕಾರಣವೇ?

ಅವರು ತಿಳಿಬಣ್ಣದ ಹಲ್ಲುಗಳನ್ನು ಪ್ರಯೋಗಾಲಯದ ಕುಲುಮೆಯಲ್ಲಿಟ್ಟು 300ರಿಂದ 600 ಡಿಗ್ರಿ ಸೆಲ್ಸಿಯಸ್‌ವರೆಗೆ, ಹತ್ತರಿಂದ ಐವತ್ತು ದಿನಗಳವರೆಗೆ ಕಾಯಿಸಿ ನೋಡಿದರು. ಬೆಟ್ಟದಲ್ಲಿ ಕಂಡ ಬಣ್ಣಗಳೇ ಅದೇ ಕ್ರಮದಲ್ಲಿ ಕುಲುಮೆಯಲ್ಲೂ ಬಂದವು. 1977ರಲ್ಲಿ ಅವರು ಜ್ಯಾಕ್ ಎಪ್‌ಸ್ಟೀನ್ ಮತ್ತು ಲಿಯೊನಾರ್ಡ್ ಹ್ಯಾರಿಸ್ ಜೊತೆ ಸೇರಿ ಬಣ್ಣದ ಅಳತೆಪಟ್ಟಿಯೊಂದನ್ನು ಪ್ರಕಟಿಸಿದರು. ಅದರಲ್ಲಿ 1 ಎಂದರೆ ತಿಳಿ ಹಳದಿ. ಅಂಥ ಹಲ್ಲು 80 ಡಿಗ್ರಿಗಿಂತ ಹೆಚ್ಚು ಶಾಖ ಕಂಡಿಲ್ಲ. 3 ಎಂದರೆ ಕಂದು, ಸುಮಾರು 110ರಿಂದ 200 ಡಿಗ್ರಿ. 5 ಎಂದರೆ ಕಪ್ಪು, 300 ಡಿಗ್ರಿಗಿಂತ ಮೇಲೆ.

ನಮ್ಮ ಊರಲ್ಲಿ ಮನೆಯಲ್ಲೇ ಕಾಫಿ ಬೀಜ ಹುರಿಯುತ್ತಿದ್ದ ದಿನಗಳು ನೆನಪಾಗಲಿ. ಬೀಜ ಮೊದಲು ಹಸಿರು ಮಿಶ್ರಿತ ಬಿಳಿ, ಆಮೇಲೆ ಹೊಂಬಣ್ಣ, ಕಂದು, ಮೈಮರೆತರೆ ಕಪ್ಪು. ಬಣ್ಣ ನೋಡಿಯೇ ನನ್ನ ಅತ್ತೆ “ಸಾಕು, ಇಳಿಸು” ಎನ್ನುತ್ತಿದ್ದರು. ಇಲ್ಲಿ ಎರಡು ವಿಷಯ ಗಮನಿಸಿ. ಬಣ್ಣಕ್ಕೆ ಬೆಂಕಿಯ ಜೋರು ಎಷ್ಟು ಮುಖ್ಯವೋ, ಬಾಣಲೆಯಲ್ಲಿ ಬೀಜ ಎಷ್ಟು ಹೊತ್ತು ಇತ್ತು ಎಂಬುದೂ ಅಷ್ಟೇ ಮುಖ್ಯ. ಇನ್ನೊಂದು, ಹುರಿದ ಬೀಜ ಎಷ್ಟು ದಿನ ಇಟ್ಟರೂ ಮತ್ತೆ ಹಸಿಯಾಗುವುದಿಲ್ಲ. ಕಾನೊಡಾಂಟ್ ಕೂಡ ಹಾಗೆಯೇ. ಒಮ್ಮೆ ಕಂದಾದದ್ದು ಕಲ್ಲು ತಣ್ಣಗಾದ ಮೇಲೂ ಹಳದಿಗೆ ಮರಳುವುದಿಲ್ಲ.

ಕಪ್ಪಾದ ಮೇಲೆ ಏನಾಗುತ್ತದೆ? ಇದನ್ನು ನಾನು ಬೆರಣಿಯ ಉದಾಹರಣೆಯಿಂದ ಹೇಳುತ್ತೇನೆ. ಬೆರಣಿ ಸುಟ್ಟಾಗ ಮೊದಲು ಕಪ್ಪು ಇದ್ದಿಲಾಗುತ್ತದೆ. ಚೆನ್ನಾಗಿ ಉರಿದು ಇಂಗಾಲವೆಲ್ಲ ಹೋದ ಮೇಲೆ ಬಿಳಿ ವಿಭೂತಿ ಉಳಿಯುತ್ತದೆ. ಕಾನೊಡಾಂಟ್‌ನೊಳಗೂ ಜೀವಿಯ ದೇಹದ ಅಂಶ ಸ್ವಲ್ಪ ಉಳಿದಿರುತ್ತದೆ. ಶಾಖಕ್ಕೆ ಅದು ಇಂಗಾಲವಾಗಿ ಹಲ್ಲು ಕಪ್ಪಾಗುತ್ತದೆ. ಇನ್ನೂ ಕಾದರೆ ಇಂಗಾಲವೂ ಹೋಗಿ ಬೂದು, ಬಿಳಿ, ಕೊನೆಗೆ ಗಾಜಿನಂತೆ ಪಾರದರ್ಶಕ. 1987ರಲ್ಲಿ ಅಳತೆಪಟ್ಟಿಗೆ ಈ ಹಂತಗಳೂ ಸೇರಿದವು. ಬಿಳಿ ಎಂದರೆ 490 ಡಿಗ್ರಿ ದಾಟಿದೆ ಎಂದು ಲೆಕ್ಕ.

ಈ ಪಟ್ಟಿ ತೈಲ ಹುಡುಕುವವರಿಗೂ ಬೇಕಾಯಿತು. ತೈಲವೂ ಒಂದು ರೀತಿಯ ಅಡುಗೆ. ಶಾಖ ಕಡಿಮೆಯಾದರೆ ಬೇಯುವುದಿಲ್ಲ, ಹೆಚ್ಚಾದರೆ ಉಳಿಯುವುದಿಲ್ಲ. ಕಲ್ಲಿನೊಳಗಿನ ಹಲ್ಲು ಕಪ್ಪಾಗಿದ್ದರೆ ಅಲ್ಲಿ ತೈಲದ ಆಸೆ ಬಿಡಬೇಕು. ಭಾರಿ ಹಣ ಸುರಿದು ಬಾವಿ ಕೊರೆಯುವ ಮೊದಲೇ ಇದು ತಿಳಿದರೆ ಎಷ್ಟು ಉಳಿತಾಯ!

ಪಂಥದಲ್ಲಿ ಸೋತದ್ದು

ಸೋಮವಾರ ಆ ಹುಡುಗಿ ನಮ್ಮನ್ನು ತನ್ನ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದಳು. ಸಿಲ್ಯಾನ್ ಸುಣ್ಣದಕಲ್ಲಿನಿಂದ ತೆಗೆದ ಕಾನೊಡಾಂಟ್‌ಗಳಿದ್ದ ಪುಟ್ಟ ಪಟ್ಟಿಯನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟಳು. ಪುಟ್ಟಿ ಮೊದಲು ನೋಡಿದಳು. ಏನೂ ಹೇಳದೆ, ನಗು ತಡೆದುಕೊಂಡು ಪಕ್ಕಕ್ಕೆ ಸರಿದಳು. ನಾನು ಕನ್ನಡಕ ತೆಗೆದು ಬಗ್ಗಿದೆ.

ಜೇನಿನ ಬಣ್ಣ! ಕಿಟಕಿಯ ಬೆಳಕಿಗೆ ಹಿಡಿದ ತುಡುವೆ ಜೇನಿನ ಹಾಗೆ, ಬೆಳಕು ತೂರಿ ಬರುವಂಥ ಹಲ್ಲುಗಳು. ಒಂದೂ ಕಪ್ಪಗಿರಲಿಲ್ಲ.

ನನಗೆ ಸೋತ ನಾಚಿಕೆಗಿಂತ ಆಶ್ಚರ್ಯವೇ ಹೆಚ್ಚಾಯಿತು. 50 ಕಿಲೋಮೀಟರ್ ಅಗಲದ ಕುಳಿ ಮಾಡಿದ ಹೊಡೆತ ಈ ಹಲ್ಲನ್ನು ಏಕೆ ಸುಡಲಿಲ್ಲ?

ಅವಳು ಹೇಳಿದ್ದು ಇಷ್ಟು. ಉಲ್ಕೆ ಬಿದ್ದಾಗ ನಡುವಿನಲ್ಲಿ ಕಲ್ಲು ನಿಜಕ್ಕೂ ಕರಗುತ್ತದೆ. ಅಷ್ಟರ ಮಟ್ಟಿಗೆ ನನ್ನ ಪಾಠ ಸರಿ. ಆದರೆ ನಡುವಿನಿಂದ ದೂರ ಹೋದಂತೆ ಶಾಖ ಬಹಳ ಬೇಗ ಇಳಿಯುತ್ತದೆ. ಅಂಚಿನ ಕಡೆಯ ಕಲ್ಲಿಗೆ ಪೆಟ್ಟು ಬೀಳುತ್ತದೆ, ಬಿರುಕು ಬಿಡುತ್ತದೆ, ಪದರಗಳು ಓರೆಯಾಗುತ್ತವೆ, ಆದರೆ ಬೇಯುವುದಿಲ್ಲ. ಪೆಟ್ಟು ಬೇರೆ, ಶಾಖ ಬೇರೆ. ಕಲ್ಲು ಶಾಖವನ್ನು ಒಳಕ್ಕೆ ಬಿಟ್ಟುಕೊಳ್ಳುವುದೂ ಬಹಳ ನಿಧಾನ. ಹಲ್ಲಿನ ತಿಳಿಬಣ್ಣ ಇನ್ನೊಂದನ್ನೂ ಹೇಳುತ್ತದೆ: ಈ 45 ಕೋಟಿ ವರ್ಷಗಳಲ್ಲಿ ಆ ಕಲ್ಲು ಹೆಚ್ಚು ಆಳಕ್ಕೂ ಹೂತುಹೋಗಿಲ್ಲ. ಭೂಮಿಯೊಳಗೆ ಒಂದು ಕಿಲೋಮೀಟರ್ ಇಳಿದರೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಶಾಖ ಏರುತ್ತದೆ. ಬಹಳ ಆಳಕ್ಕೆ ಹೋಗಿದ್ದರೆ ಹಲ್ಲು ಕಂದಾಗಲೇಬೇಕಿತ್ತು.

ಆಮೇಲೆ ಅವಳು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಒಂದು ಕಾಲದಲ್ಲಿ ಆ ಸೀಮೆಯನ್ನೆಲ್ಲ ಇಂಥ ಸುಣ್ಣದಕಲ್ಲು ಹೊದ್ದಿಕೊಂಡಿತ್ತು. ಸುತ್ತಲಿನದ್ದನ್ನು ಮಳೆ, ಗಾಳಿ, ಹಿಮ ಸವೆಸಿ ಒಯ್ದವು. ಸಿಲ್ಯಾನ್‌ನಲ್ಲಿ ಮಾತ್ರ ಉಲ್ಕೆಯ ಹೊಡೆತಕ್ಕೆ ಕಲ್ಲು ಉಂಗುರದಾಕಾರದ ತಗ್ಗಿಗೆ ಕುಸಿದು ಕೂತಿತು. ತಗ್ಗಿನಲ್ಲಿ ಇದ್ದದ್ದರಿಂದ ಸವೆಯದೆ ಉಳಿಯಿತು. ಎಲ್ಲವನ್ನೂ ಸುಟ್ಟಿತು ಎಂದು ನಾನು ಬೈಯುತ್ತಿದ್ದ ಉಲ್ಕೆಯೇ ಈ ಹಲ್ಲುಗಳನ್ನು ಕಾಪಾಡಿತ್ತು!

ಪತ್ತೇದಾರಿ ಲೆಕ್ಕ

ಹಾಗಾದರೆ ಒಂದು ಕುಳಿಯಲ್ಲಿ ಕಪ್ಪು ಹಲ್ಲು ಸಿಕ್ಕಿತು ಎನ್ನಿ. ಅದನ್ನು ಸುಟ್ಟದ್ದು ಉಲ್ಕೆಯೋ, ಭೂಮಿಯೊಳಗಿನ ಶಾಖವೋ? ಒಂದು ಹಲ್ಲು ನೋಡಿದರೆ ಇದು ಗೊತ್ತಾಗುವುದಿಲ್ಲ. ಕುಳಿಯ ಒಳಗಿನಿಂದ, ಅಂಚಿನಿಂದ, ಹೊರಗಿನಿಂದ ಹಲ್ಲುಗಳನ್ನು ತಂದು ನಕಾಶೆಯ ಮೇಲೆ ಬಣ್ಣ ಗುರುತಿಸಬೇಕು. ನಡುವಿನಲ್ಲಿ ಕಪ್ಪು, ಹೊರಗೆ ಹೋದಂತೆ ತಿಳಿಯಾದರೆ ಉಲ್ಕೆಯ ಮೇಲೆ ಅನುಮಾನ ಬರುತ್ತದೆ. ಒಳಗೂ ಹೊರಗೂ ಒಂದೇ ಕಪ್ಪು ಎಂದರೆ ಇಡೀ ಸೀಮೆಯೇ ಆಳದಲ್ಲಿ ನಿಧಾನವಾಗಿ ಬೆಂದಿದೆ ಎಂದರ್ಥ. ಕುಳಿ ಉಲ್ಕೆಯದ್ದೇ ಎಂದು ಸಾಬೀತು ಮಾಡಲು ಬಣ್ಣ ಮಾತ್ರ ಸಾಲದು. ಅದಕ್ಕೆ ಆಘಾತದಿಂದ ಗೆರೆಬಿದ್ದ ಬೆಣಚು ಹರಳು, ಕುದುರೆಬಾಲದಂತೆ ಗೀರುಬಿದ್ದ ಕಲ್ಲುಗಳ ಸಾಕ್ಷಿ ಬೇಕು. ಅಂಥ ಸಾಕ್ಷಿ ಸಿಲ್ಯಾನ್‌ನಲ್ಲಿ ಸಿಕ್ಕಿದೆ.

ಕಾನೊಡಾಂಟ್‌ಗಳು ಅಳಿದ ಮೇಲೆ ಬಿದ್ದ ಉಲ್ಕೆಗಳ ಕಥೆ ಹೇಳುವವರು ಯಾರು? ಅದಕ್ಕೆ ಬೇರೆ ಪುಟ್ಟ ಸಾಕ್ಷಿಗಳಿವೆ. ಅಮೆರಿಕದ ಪೂರ್ವ ಕರಾವಳಿಯ ಚೆಸಪೀಕ್ ಕೊಲ್ಲಿಯ ಕೆಳಗೆ ಸುಮಾರು 85 ಕಿಲೋಮೀಟರ್ ಅಗಲದ ಕುಳಿ ಹೂತುಕೊಂಡಿದೆ. ಅಲ್ಲಿ ಉಲ್ಕೆ ಬಿದ್ದು ಸುಮಾರು 3.5 ಕೋಟಿ ವರ್ಷ. ಲೂಸಿ ಎಡ್ವರ್ಡ್ಸ್ ಮತ್ತು ಡೇವಿಡ್ ಪವರ್ಸ್ ಎಂಬ ವಿಜ್ಞಾನಿಗಳು ಅಲ್ಲಿನ ಮಣ್ಣಿನಲ್ಲಿ ಡೈನೋಫ್ಲಾಜಲೇಟ್ ಎಂಬ ಏಕಕೋಶ ಜೀವಿಗಳ ಕವಚಗಳನ್ನು ಪರೀಕ್ಷಿಸಿ 2003ರಲ್ಲಿ ವರದಿ ಬರೆದರು. ಕೆಲವು ಮಡಚಿಕೊಂಡಿದ್ದವು, ಕೆಲವು ಸುರುಳಿಯಾಗಿದ್ದವು, ಕೆಲವು ಅರೆ ಕರಗಿದ್ದವು. ಏನೂ ಆಗದವೂ ಅವುಗಳ ಜೊತೆಗೇ ಬೆರೆತಿದ್ದವು. ಎಲ್ಲವೂ ಒಂದೇ ಜಾಗದಲ್ಲಿ ಕಾದಿದ್ದರೆ ಎಲ್ಲವೂ ಒಂದೇ ರೀತಿ ಇರಬೇಕಿತ್ತು. ಬೇರೆ ಬೇರೆ ಕಡೆ ಇದ್ದವು ಬೇರೆ ಬೇರೆ ಪೆಟ್ಟು ತಿಂದು, ಆಮೇಲೆ ಸಮುದ್ರದ ನೀರು ನುಗ್ಗಿದಾಗ ಕಲಸಿಹೋಗಿವೆ. ಹುರಿದ ಕಡಲೆಬೀಜವೂ ಹಸಿ ಕಡಲೆಬೀಜವೂ ಒಂದೇ ಡಬ್ಬಿಯಲ್ಲಿ ಸಿಕ್ಕಿದರೆ ಡಬ್ಬಿಯನ್ನು ಒಲೆಯ ಮೇಲೆ ಇಟ್ಟಿರಲಿಲ್ಲ ಎಂದು ನಿಮಗೇ ಗೊತ್ತಾಗುವುದಿಲ್ಲವೇ?

ಶಾಖದ ಈ ಲೆಕ್ಕ ಜೀವಿಗಳ ಕಥೆಗೂ ಬೇಕು. ಉಲ್ಕೆಯ ಹೊಡೆತಕ್ಕೆ ಬಿರುಕು ಬಿಟ್ಟ ಕಲ್ಲು ಸೂಕ್ಷ್ಮಜೀವಿಗಳಿಗೆ ಮನೆಯಾಗಬಲ್ಲದು, ಅಲ್ಲಿನ ಶಾಖ ತಡೆಯುವಷ್ಟಿರಬೇಕು ಅಷ್ಟೆ. ಸಿಲ್ಯಾನ್‌ನ ಕಲ್ಲಿನ ಬಿರುಕುಗಳಲ್ಲಿ ಹಿಂದೆ ಸೂಕ್ಷ್ಮಜೀವಿಗಳು ಬದುಕಿ ಮೀಥೇನ್ ಅನಿಲ ಉಂಟುಮಾಡಿದ ಗುರುತುಗಳು ಸಿಕ್ಕಿವೆ ಎಂದು ವಿಜ್ಞಾನಿಗಳು 2019ರಲ್ಲಿ ವರದಿ ಮಾಡಿದರು.

ನಮ್ಮಲ್ಲಿ ಸಿಗುತ್ತವೆಯೇ?

“ನಮ್ಮ ಊರಿನಲ್ಲಿ ಈ ಹಲ್ಲು ಸಿಗುತ್ತಾ?” ಎಂದು ಪುಟ್ಟಿ ಕೇಳಿದಳು. ನೀವೂ ಕೇಳುತ್ತೀರಿ. ಕರ್ನಾಟಕದ ಹೆಚ್ಚಿನ ಕಲ್ಲುಗಳು ಪ್ರಾಣಿಗಳೇ ಹುಟ್ಟದ ಕಾಲದವು. ಕಲಬುರಗಿ ಕಡೆಯಿಂದ ಬರುವ ಶಹಾಬಾದ್ ಕಲ್ಲು ಕೂಡ ಸುಣ್ಣದಕಲ್ಲೇ, ಆದರೆ ಅದೂ ಕಾನೊಡಾಂಟ್‌ಗಿಂತ ಹಳೆಯದು. ಭಾರತದಲ್ಲಿ ಹಿಮಾಚಲದ ಸ್ಪಿತಿ ಕಣಿವೆಯ ಕಲ್ಲುಗಳಲ್ಲಿ ಕಾನೊಡಾಂಟ್‌ಗಳು ಸಿಕ್ಕಿವೆ. ಪಕ್ಕದ ಮಹಾರಾಷ್ಟ್ರದ ಲೋಣಾರ್ ಕೂಡ ಉಲ್ಕಾ ಕುಳಿಯೇ. ಆದರೆ ಅದು ಆಗಿರುವುದು ಲಾವಾ ಹೆಪ್ಪುಗಟ್ಟಿದ ಕಪ್ಪುಕಲ್ಲಿನಲ್ಲಿ, ಹಾಗಾಗಿ ಅಲ್ಲಿ ಈ ಹಲ್ಲಿನ ಲೆಕ್ಕ ನಡೆಯುವುದಿಲ್ಲ.

ಮನೆಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಬಹುದು. ಮೊಟ್ಟೆಯ ಚಿಪ್ಪಿನ ಚೂರನ್ನು ವಿನಿಗರ್‌ನಲ್ಲಿ ಹಾಕಿಡಿ. ಗುಳ್ಳೆ ಏಳುತ್ತದೆ, ಚಿಪ್ಪು ಕರಗುತ್ತ ಹೋಗುತ್ತದೆ. ಅದೂ ಸುಣ್ಣವೇ. ಸುಣ್ಣದಕಲ್ಲು ಕರಗುವುದೂ ಹೀಗೆಯೇ. ಸೌದೆ ಒಲೆ ಇರುವ ಮನೆಯಾದರೆ, ಅಜ್ಜ ಅಜ್ಜಿಯ ಪಕ್ಕ ಕೂತು ಇದ್ದಿಲು ಬೂದಿಯಾಗುವುದನ್ನು ದೂರದಿಂದ ನೋಡಿ.

ಮರುದಿನ ಬೆಳಿಗ್ಗೆ ನಾನು ದೋಸೆಯ ಮುಂದೆ ಕೂತು ಹತ್ತು ಸ್ವೀಡಿಷ್ ಪದ ಹೇಳಿದೆ. ಏಳನೆಯ ಪದಕ್ಕೆ ಅಳಿಯ ಕಾಫಿ ಉಗುಳುವಷ್ಟು ನಕ್ಕರು. ಈಗ ನೆನಪಿರುವುದು “ತಾಕ್” ಒಂದೇ. ಹಾಗೆಂದರೆ ಧನ್ಯವಾದ.

ನಾನು ಊರಿಗೆ ಮರಳಿದ ಎರಡು ವಾರಕ್ಕೆ ನಮ್ಮ ಮನೆಯವರ ಹೆಸರಿಗೆ ಒಂದು ಕಾಗದ ಬಂತು. ಪಂಥ ಗೆದ್ದವಳು ಬರೆಯಬೇಕಾಗಿರಲಿಲ್ಲ. ಆದರೂ ಪೆನ್ಸಿಲಿನಲ್ಲಿ, ದೊಡ್ಡ ದೊಡ್ಡ ಅಕ್ಷರಗಳಲ್ಲಿ, ಒತ್ತಕ್ಷರವನ್ನು ಮೂರು ಸಲ ಅಳಿಸಿ ತಿದ್ದಿ ಬರೆದಿದ್ದಳು: “ಅಜ್ಜ, ಹಲ್ಲು ಕಪ್ಪಗಿರಲಿಲ್ಲ. ಅಜ್ಜಿ ಸೋತಳು.”

ಅವರು ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ತೋಟಕ್ಕೆ ಹೋದರು. ಸಂಜೆಯೊಳಗೆ ಕೇರಿಗೆಲ್ಲ ಸುದ್ದಿ ಮುಟ್ಟಿತ್ತು.